ಡಾಕ್ಟರ್‌ಗೂ ಒಂದು ಮಾರ್ಕ್ಸ್ ಕಾರ್ಡ್ ಬೇಕಲ್ವಾ?

1919ರ ಅಕ್ಟೋಬರ್ ತಿಂಗಳು. ನ್ಯೂಯಾರ್ಕ್‌ನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲ್. ಆವತ್ತಿನ ಕಾಲಕ್ಕೆ ಜಗತ್ತಿನ ಅತ್ಯಂತ ಐಷಾರಾಮಿ ಹೋಟೆಲ್‌ಗಳಲ್ಲಿ ಒಂದು. ಅಲ್ಲಿ ಸೇರಿದ್ದವರು ಅಮೆರಿಕದ ದೊಡ್ಡ ದೊಡ್ಡ ಸರ್ಜನ್‌ಗಳು. ಅವರ ಕೈಯಲ್ಲಿ ಒಂದು ಪಟ್ಟಿ ಇತ್ತು. ಮರುದಿನ ಪತ್ರಕರ್ತರ ಕೈಗೆ ಸಿಕ್ಕಿಬಿಟ್ಟರೆ ಏನು ಗತಿ ಅನ್ನೋ ಭಯಕ್ಕೆ ಆ ಪಟ್ಟಿಯನ್ನ ಹೋಟೆಲ್‌ನ ಕುಲುಮೆಗೆ ಹಾಕಿ ಸುಟ್ಟುಬಿಟ್ಟರು.

ಏನಿತ್ತು ಆ ಪಟ್ಟಿಯಲ್ಲಿ? ಯಾವುದೋ ರಾಜಕಾರಣಿಯ ಲಂಚದ ಲೆಕ್ಕ ಅಲ್ಲ, ಯುದ್ಧದ ಗುಟ್ಟೂ ಅಲ್ಲ. ಆಸ್ಪತ್ರೆಗಳ ಹೆಸರಿತ್ತು, ಅಷ್ಟೇ. ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಅನ್ನೋ ಸಂಸ್ಥೆ, 100 ಹಾಸಿಗೆಗಿಂತ ದೊಡ್ಡದಾದ 692 ಆಸ್ಪತ್ರೆಗಳನ್ನ ಪರಿಶೀಲನೆ ಮಾಡಿತ್ತು. ಮಾನದಂಡವೇನೂ ಆಕಾಶದಲ್ಲಿ ಇರಲಿಲ್ಲ. ರೋಗಿಯ ದಾಖಲೆ ಸರಿಯಾಗಿ ಇಡಬೇಕು, ಲ್ಯಾಬ್ ಇರಬೇಕು, ಎಕ್ಸ್-ರೇ ಇರಬೇಕು, ವೈದ್ಯರು ಆಗಾಗ ಸೇರಿ ತಮ್ಮ ಕೆಲಸವನ್ನ ತಾವೇ ಪರಿಶೀಲಿಸಬೇಕು. ಇಂಥ ಒಂದು ಪುಟದ ಪಟ್ಟಿ. 692ರಲ್ಲಿ ಪಾಸಾಗಿದ್ದು ಎಷ್ಟು ಗೊತ್ತಾ? 89. ಫೇಲ್ ಆದವರ ಪಟ್ಟಿಯಲ್ಲಿ ದೇಶದ ಪ್ರತಿಷ್ಠಿತ ಆಸ್ಪತ್ರೆಗಳೇ ಇದ್ದವು. ಅದಕ್ಕೇ ಬೆಂಕಿ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಇವತ್ತಿನ ವಿಷಯ ಸ್ತನ ಕ್ಯಾನ್ಸರ್. ರೋಗದ ಲಕ್ಷಣ ಏನು, ಏನು ತಿನ್ನಬೇಕು, ಏನು ತಿನ್ನಬಾರದು ಅನ್ನೋ ಕಾರ್ಯಕ್ರಮಗಳನ್ನ ನೀವು ಬೇಕಾದಷ್ಟು ನೋಡಿದ್ದೀರಿ. ನಾನು ಕೇಳೋ ಪ್ರಶ್ನೆ ಬೇರೆ. ಒಂದು ದೇಶದಲ್ಲಿ ಸಾವಿರಾರು ಆಸ್ಪತ್ರೆಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳಿಗೆ ಈ ರೋಗಕ್ಕೆ ಚಿಕಿತ್ಸೆ ನಡೀತಿದೆ. ಆ ಚಿಕಿತ್ಸೆ ಸರಿಯಾಗಿದೆಯಾ ಅಂತ ಲೆಕ್ಕ ಇಡೋರು ಯಾರು? ಬ್ಯಾಂಕಿಗೆ ಆಡಿಟ್ ಇದೆ. ಗ್ರಾಮ ಪಂಚಾಯಿತಿಗೆ ಆಡಿಟ್ ಇದೆ. ಹಾಲಿನ ಡೈರಿಯಲ್ಲಿ ನೀವು ಹಾಕೋ ಹಾಲಿಗೂ ಫ್ಯಾಟ್ ಎಷ್ಟು ಅಂತ ಟೆಸ್ಟ್ ಇದೆ. ಹೆಣ್ಣುಮಗಳ ಪ್ರಾಣಕ್ಕೆ?

ಆ ಪಟ್ಟಿ ಸುಡೋ ಪರಿಸ್ಥಿತಿ ಬರೋಕೆ ಕಾರಣವಾದ ಮನುಷ್ಯನಿಂದಲೇ ಶುರು ಮಾಡೋಣ.

ಅವರ ಹೆಸರು ಅರ್ನೆಸ್ಟ್ ಅಮೊರಿ ಕಾಡ್‌ಮನ್. ಬೋಸ್ಟನ್‌ನ ಸರ್ಜನ್. ಹಾರ್ವರ್ಡ್‌ನಲ್ಲಿ ಓದಿದವರು, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕೆಲಸ. ಅವರ ತಲೆಗೆ ಒಂದು ವಿಚಾರ ಹೊಕ್ಕಿತ್ತು. ಆಪರೇಷನ್ ಆದ ಪ್ರತಿ ರೋಗಿಗೂ ಒಂದು ಕಾರ್ಡ್ ಮಾಡಬೇಕು. ಏನು ಕಾಯಿಲೆ, ಏನು ಮಾಡಿದ್ವಿ, ಏನು ತೊಂದರೆ ಆಯ್ತು, ಎಲ್ಲ ಬರೀಬೇಕು. ಒಂದು ವರ್ಷ ಆದ ಮೇಲೆ ರೋಗಿಯನ್ನ ಮತ್ತೆ ಕರೆಸಿ ನೋಡಬೇಕು. ಗುಣ ಆಯ್ತಾ? ಆಗಲಿಲ್ಲ ಅಂದ್ರೆ ಯಾಕೆ ಆಗಲಿಲ್ಲ? ತಪ್ಪು ಯಾರದು, ರೋಗದ್ದಾ, ರೋಗಿಯದ್ದಾ, ಸರ್ಜನ್‌ದಾ? ಇದನ್ನ ಅವರು 'ಎಂಡ್ ರಿಸಲ್ಟ್' ಪದ್ಧತಿ ಅಂತ ಕರೆದರು. ಅಂತಿಮ ಫಲಿತಾಂಶದ ಲೆಕ್ಕ.

ನಾನು ಓದಿದ್ದು ಇಂಜಿನಿಯರಿಂಗ್. ಕಾರ್ಖಾನೆಯಿಂದ ಒಂದು ಬೋಲ್ಟ್ ಹೊರಗೆ ಹೋಗಬೇಕಾದ್ರೂ ಟೆಸ್ಟ್ ಆಗಿರುತ್ತೆ. ಫೇಲ್ ಆದ ಬೋಲ್ಟ್ ಎಷ್ಟು, ಯಾವ ಯಂತ್ರದಿಂದ ಬಂತು, ಯಾವ ಶಿಫ್ಟ್‌ನಲ್ಲಿ ಬಂತು ಅಂತ ದಾಖಲೆ ಇರುತ್ತೆ. ಕಾಡ್‌ಮನ್ ಕೇಳಿದ್ದು ಇದನ್ನೇ. ಆದರೆ ಆಸ್ಪತ್ರೆಯವರಿಗೆ ಇದು ಅವಮಾನ ಅನ್ನಿಸಿತು. ಅಲ್ಲಿ ಸರ್ಜನ್‌ಗೆ ಬಡ್ತಿ ಸಿಗ್ತಿದ್ದಿದ್ದು ಸೀನಿಯಾರಿಟಿ ಮೇಲೆ, ಫಲಿತಾಂಶದ ಮೇಲೆ ಅಲ್ಲ. ಕಾಡ್‌ಮನ್ 1914ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಅಷ್ಟೊತ್ತಿಗೆ 1911ರಲ್ಲೇ ತಮ್ಮದೇ ಒಂದು ಸಣ್ಣ ಆಸ್ಪತ್ರೆ ಶುರು ಮಾಡಿದ್ದರು. ಐದು ವರ್ಷದಲ್ಲಿ 337 ರೋಗಿಗಳು. ಆ 337 ಜನರಲ್ಲಿ ತಾವು ಗುರುತಿಸಿದ 123 ತಪ್ಪುಗಳನ್ನ ಅವರೇ ಬರೆದು, ಅಚ್ಚು ಹಾಕಿಸಿ, ದೇಶದ ಬೇರೆ ಆಸ್ಪತ್ರೆಗಳಿಗೆ ಕಳಿಸಿದರು! ಯೋಚನೆ ಮಾಡಿ. ಇವತ್ತು ಯಾವುದಾದ್ರೂ ಆಸ್ಪತ್ರೆ ಹೈವೇ ಪಕ್ಕ ಹಾಕೋ ದೊಡ್ಡ ಹೋರ್ಡಿಂಗ್ ಮೇಲೆ 'ಈ ವರ್ಷ ನಮ್ಮಿಂದ ಆದ ತಪ್ಪುಗಳು ಇಷ್ಟು' ಅಂತ ಬರೆಸುತ್ತಾ?

1915ರ ಜನವರಿಯಲ್ಲಿ ಬೋಸ್ಟನ್ ವೈದ್ಯರ ಸಭೆಯಲ್ಲಿ ಕಾಡ್‌ಮನ್ ಒಂದು ದೊಡ್ಡ ವ್ಯಂಗ್ಯಚಿತ್ರ ಬಿಡಿಸಿ ತೋರಿಸಿದರು. ಒಂದು ಉಷ್ಟ್ರಪಕ್ಷಿ ಮರಳಲ್ಲಿ ತಲೆ ಹುದುಗಿಸಿಕೊಂಡು, ಹಿಂಗಾಲಲ್ಲಿ ಚಿನ್ನದ ಮೊಟ್ಟೆಗಳನ್ನ ವೈದ್ಯರ ಕಡೆಗೆ ಒದೀತಿದೆ. ಆ ಪಕ್ಷಿ ಅಂದ್ರೆ ಊರಿನ ಶ್ರೀಮಂತ ರೋಗಿಗಳು. ಸತ್ಯ ಗೊತ್ತಾದ್ರೆ ಮೊಟ್ಟೆ ಬರೋದು ನಿಲ್ಲುತ್ತಾ ಅನ್ನೋದು ಚಿತ್ರದ ಪ್ರಶ್ನೆ. ಸಭೆ ಗದ್ದಲದಲ್ಲಿ ಮುಗೀತು. ಹಾರ್ವರ್ಡ್‌ನಲ್ಲಿ ಪಾಠ ಮಾಡೋ ಕೆಲಸವೂ ಹೋಯ್ತು. 1940ರಲ್ಲಿ ತೀರಿಕೊಂಡಾಗ ಅವರ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ವೈದ್ಯರೇ ಮುಂದೆ ಬಂದು ಅಲ್ಲಿ ಕಲ್ಲು ನೆಟ್ಟಿದ್ದು 2014ರಲ್ಲಿ.

ಕಾಡ್‌ಮನ್ ಕೇಳಿದ ಪ್ರಶ್ನೆಯನ್ನ ಆಗಲೇ ಸ್ತನ ಕ್ಯಾನ್ಸರ್ ಬಗ್ಗೆ ಗಟ್ಟಿಯಾಗಿ ಕೇಳಿದ್ದಿದ್ರೆ ಎಷ್ಟು ಹೆಣ್ಣುಮಕ್ಕಳ ನೋವು ತಪ್ಪುತ್ತಿತ್ತೋ ಏನೋ. ಯಾಕಂದ್ರೆ ಅದೇ ಕಾಲದಲ್ಲಿ ಅಮೆರಿಕದಲ್ಲಿ ಇನ್ನೊಬ್ಬ ಸರ್ಜನ್‌ನ ಹೆಸರು ದೇವರ ಹೆಸರಿನ ಹಾಗೆ ನಡೀತಿತ್ತು. ವಿಲಿಯಂ ಹಾಲ್‌ಸ್ಟೆಡ್. ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು. ಆಪರೇಷನ್ ಥಿಯೇಟರ್‌ಗೆ ರಬ್ಬರ್ ಗ್ಲೌಸ್ ತಂದವರು. ನಿಜವಾಗಲೂ ದೊಡ್ಡ ಪ್ರತಿಭೆ, ಅದರಲ್ಲಿ ಎರಡು ಮಾತಿಲ್ಲ.

ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ವರದಿ ಪ್ರಕಟಿಸಿದರು. ಸ್ತನವನ್ನಷ್ಟೇ ತೆಗೆದರೆ ಸಾಲದು, ಅದರ ಕೆಳಗಿನ ಎದೆಯ ಸ್ನಾಯುಗಳು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಟ್ಟಿಗೆ ಕಿತ್ತು ತೆಗೀಬೇಕು ಅನ್ನೋದು ಅವರ ವಾದ. ಇದಕ್ಕೆ 'ರ‍್ಯಾಡಿಕಲ್ ಮ್ಯಾಸ್ಟೆಕ್ಟಮಿ' ಅಂತ ಹೆಸರು. ಲ್ಯಾಟಿನ್‌ನಲ್ಲಿ ರ‍್ಯಾಡಿಕ್ಸ್ ಅಂದ್ರೆ ಬೇರು. ಬೇರು ಸಮೇತ ಕಿತ್ತರೆ ಕಳೆ ಮತ್ತೆ ಹುಟ್ಟಲ್ಲ ಅನ್ನೋ ರೈತನ ತರ್ಕ. ಕೇಳೋಕೆ ಎಷ್ಟು ಸರಿ ಅನ್ನಿಸುತ್ತೆ ಅಲ್ವಾ?

ಆಪರೇಷನ್ ಆದ ಹೆಣ್ಣುಮಗಳ ಕಥೆ ಏನು? ಎದೆಯ ಒಂದು ಭಾಗ ಗುಳಿ ಬಿದ್ದು ಪಕ್ಕೆಲುಬು ಕಾಣ್ತಿತ್ತು. ಭುಜ ಒಳಕ್ಕೆ ಬಾಗ್ತಿತ್ತು. ಎಷ್ಟೋ ಜನರಿಗೆ ಕೈ ಊದಿಕೊಂಡು ಜೀವನಪೂರ್ತಿ ಹಾಗೇ ಉಳೀತಿತ್ತು. ತಲೆ ಬಾಚಿಕೊಳ್ಳೋಕೆ, ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯೋಕೂ ಕಷ್ಟ. 'ಪ್ರಾಣ ಉಳೀತಲ್ಲಮ್ಮಾ, ಇನ್ನೇನು ಬೇಕು?' ಅನ್ನೋದೇ ಉತ್ತರ.

ಪ್ರಾಣ ಉಳಿದಿದ್ದು ಈ ಆಪರೇಷನ್‌ನಿಂದಲೇನಾ? ಇಲ್ಲಿದೆ ವಿಷಯ. ಹಾಲ್‌ಸ್ಟೆಡ್ ಲೆಕ್ಕ ಇಡಲಿಲ್ಲ ಅಂತ ಹೇಳೋ ಹಾಗಿಲ್ಲ. ಇಟ್ಟಿದ್ದರು. ಅವರ 50 ರೋಗಿಗಳಲ್ಲಿ ಆಪರೇಷನ್ ಆದ ಜಾಗದಲ್ಲೇ ಕ್ಯಾನ್ಸರ್ ಮರುಕಳಿಸಿದ್ದು ಬರೀ 3 ಜನರಲ್ಲಿ, ಅಂದ್ರೆ ಶೇಕಡಾ 6. ಆಗಿನ ಕಾಲಕ್ಕೆ ಅದ್ಭುತ ಅಂಕಿ. ಆದರೆ ಜನ ಹಿಡಿದುಕೊಂಡಿದ್ದು 'ಕತ್ತರಿಸಿದ ಜಾಗದಲ್ಲಿ ಮತ್ತೆ ಬಂತಾ?' ಅನ್ನೋ ಒಂದೇ ಪ್ರಶ್ನೆಯ ಉತ್ತರವನ್ನ. ಆ ಹೆಣ್ಣುಮಗಳು ಎಷ್ಟು ವರ್ಷ ಬದುಕಿದಳು? ಚಿಕ್ಕ ಆಪರೇಷನ್ ಮಾಡಿದ್ರೂ ಅಷ್ಟೇ ವರ್ಷ ಬದುಕ್ತಿದ್ದಳಾ? ಹೋಲಿಕೆ ಇಟ್ಟು ನೋಡಿದವರು ಇರಲಿಲ್ಲ. ತಪ್ಪು ಪ್ರಶ್ನೆ ಕೇಳಿದ್ರೆ ಸರಿಯಾದ ಲೆಕ್ಕವೂ ದಾರಿ ತಪ್ಪಿಸುತ್ತೆ.

ಪ್ರಶ್ನೆ ಎತ್ತಿದವರು ಇದ್ದರು. ಬ್ರಿಟನ್‌ನಲ್ಲಿ ಜ್ಯಾನೆಟ್ ಲೇನ್-ಕ್ಲೇಪನ್ ಅನ್ನೋ ವೈದ್ಯೆ ಆರೋಗ್ಯ ಸಚಿವಾಲಯಕ್ಕಾಗಿ ಸ್ತನ ಕ್ಯಾನ್ಸರ್ ಬಗ್ಗೆ ಸರಣಿ ವರದಿಗಳನ್ನ ತಂದರು. 1928ರ ವರದಿಯಂತೂ ಆಪರೇಷನ್ ಆದ ಹೆಣ್ಣುಮಕ್ಕಳು ವರ್ಷಗಳ ನಂತರ ಹೇಗಿದ್ದಾರೆ ಅನ್ನೋದರ ಬಗ್ಗೆಯೇ. ರೋಗ ಯಾವ ಹಂತದಲ್ಲಿ ಸಿಕ್ಕಿತು ಅನ್ನೋದರ ಮೇಲೆ ಆಯಸ್ಸು ಎಷ್ಟು ನಿಂತಿದೆ ಅಂತ ಅವರು ತೋರಿಸಿದರು. ಅದೇ ಕಾಲದಲ್ಲಿ ಲಂಡನ್‌ನ ಸರ್ಜನ್ ಜೆಫ್ರಿ ಕೇನ್ಸ್, ಅರ್ಥಶಾಸ್ತ್ರಜ್ಞ ಕೇನ್ಸ್ ಅವರ ತಮ್ಮ, ಸ್ತನವನ್ನ ಪೂರ್ತಿ ತೆಗೆಯದೆ ರೇಡಿಯಂ ಬಳಸಿ ಚಿಕಿತ್ಸೆ ಮಾಡಿ ನೋಡ್ತಿದ್ದರು. ಆದರೆ ದೊಡ್ಡ ಆಪರೇಷನ್‌ನ ಗತ್ತಿನ ಮುಂದೆ ಈ ದನಿಗಳು ಕೇಳಿಸಲಿಲ್ಲ.

ಕೊನೆಗೆ ಇದನ್ನ ಇತ್ಯರ್ಥ ಮಾಡಿದ್ದು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್. 1971ರಲ್ಲಿ ಅವರ ತಂಡ ಅಮೆರಿಕ, ಕೆನಡಾದ ಹಲವಾರು ಆಸ್ಪತ್ರೆಗಳನ್ನ ಸೇರಿಸಿಕೊಂಡು ಒಂದು ಪ್ರಯೋಗ ಶುರು ಮಾಡಿತು. 1,665 ಹೆಣ್ಣುಮಕ್ಕಳು. ಯಾರಿಗೆ ಹಾಲ್‌ಸ್ಟೆಡ್ ಆಪರೇಷನ್, ಯಾರಿಗೆ ಚಿಕ್ಕ ಆಪರೇಷನ್ ಅನ್ನೋದನ್ನ ಚೀಟಿ ಎತ್ತಿದ ಹಾಗೆ ನಿರ್ಧಾರ ಮಾಡಬೇಕು. ಎಷ್ಟೋ ಸರ್ಜನ್‌ಗಳು ತಮ್ಮ ರೋಗಿಗಳನ್ನ ಕಳಿಸೋಕೆ ಒಪ್ಪಲಿಲ್ಲ. ಹೇಗೋ ಮೂರು ವರ್ಷದಲ್ಲಿ ಸಂಖ್ಯೆ ಕೂಡಿತು. ಆಮೇಲೆ 25 ವರ್ಷ ಆ ಹೆಣ್ಣುಮಕ್ಕಳನ್ನ ಹಿಂಬಾಲಿಸಿ ಲೆಕ್ಕ ಇಟ್ಟರು. ಕಾಡ್‌ಮನ್ ಹೇಳಿದ ಹಾಗೇ! 2002ರಲ್ಲಿ ಬಂದ ಅಂತಿಮ ಲೆಕ್ಕ ಏನು ಹೇಳ್ತು? ಎಲ್ಲ ಸ್ನಾಯು ಕಿತ್ತವರಿಗೂ, ಕೀಳದೇ ಇದ್ದವರಿಗೂ ಆಯಸ್ಸಿನಲ್ಲಿ ಗಣನೀಯ ವ್ಯತ್ಯಾಸ ಇಲ್ಲ. 1,851 ಮಹಿಳೆಯರ ಇನ್ನೊಂದು ಪ್ರಯೋಗದಲ್ಲಿ, ಗಂಟನ್ನಷ್ಟೇ ತೆಗೆದು ಸ್ತನ ಉಳಿಸಿದ್ರೂ ಆಯಸ್ಸು ಕಮ್ಮಿ ಆಗಲ್ಲ ಅಂತ ಗೊತ್ತಾಯ್ತು. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ಮಾಡಿದ ಪ್ರಯೋಗವೂ ಅದನ್ನೇ ಹೇಳಿತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿ, ಇನ್ನು ಹಾಲ್‌ಸ್ಟೆಡ್ ಆಪರೇಷನ್ ಮಾಮೂಲಿ ಚಿಕಿತ್ಸೆ ಆಗಬಾರದು ಅಂದಿದ್ದು 1979ರಲ್ಲಿ. 1894ರಿಂದ 1979. ಲೆಕ್ಕ ಹಾಕಿ. 85 ವರ್ಷ! ಮೂರು ತಲೆಮಾರಿನ ಹೆಣ್ಣುಮಕ್ಕಳು.

ಇಲ್ಲಿ ಒಂದು ತಿರುವು ಇದೆ. ಫಿಶರ್ ಅವರ ಈ ಪ್ರಯೋಗಗಳ ಲೆಕ್ಕವನ್ನೂ ಯಾರಾದ್ರೂ ತಪಾಸಣೆ ಮಾಡಬೇಕಿತ್ತಲ್ವಾ? 1990ರಲ್ಲಿ ಅವರ ಕಚೇರಿಯ ಸಿಬ್ಬಂದಿ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಒಬ್ಬಳೇ ರೋಗಿಯ ಬಗ್ಗೆ ಎರಡು ದಾಖಲೆ. ಉಳಿದದ್ದೆಲ್ಲ ಒಂದೇ, ಆಪರೇಷನ್ ತಾರೀಕು ಮಾತ್ರ ಬೇರೆ. ಎಳೆ ಹಿಡಿದು ಹೋದ್ರೆ ಮಾಂಟ್ರಿಯಲ್‌ನ ಸೇಂಟ್ ಲೂಕ್ ಆಸ್ಪತ್ರೆಯ ಸರ್ಜನ್ ರೊಜೆ ಪ್ವಾಸಾನ್, ನಿಯಮದ ಪ್ರಕಾರ ಅರ್ಹರಲ್ಲದ ರೋಗಿಗಳನ್ನೂ ಪ್ರಯೋಗಕ್ಕೆ ಸೇರಿಸೋಕೆ ದಾಖಲೆ ತಿದ್ದಿದ್ದು ಬಯಲಾಯ್ತು. 1994ರಲ್ಲಿ 'ಶಿಕಾಗೊ ಟ್ರಿಬ್ಯೂನ್' ಪತ್ರಿಕೆ ಬರೆದ ಮೇಲೆ ದೊಡ್ಡ ಹಗರಣ. ಸ್ತನ ಉಳಿಸಿಕೊಂಡಿದ್ದ ಹೆಣ್ಣುಮಕ್ಕಳಿಗೆಲ್ಲ ಆತಂಕ. ಫಿಶರ್ ಅವರನ್ನ ಹುದ್ದೆಯಿಂದ ಇಳಿಸಿದರು. ಆ ಆಸ್ಪತ್ರೆಯ ರೋಗಿಗಳನ್ನ ಪೂರ್ತಿ ಹೊರಗಿಟ್ಟು ಮತ್ತೆ ಲೆಕ್ಕ ಹಾಕಿದ್ರೆ ಫಲಿತಾಂಶ ಬದಲಾಗಲೇ ಇಲ್ಲ. 1997ರಲ್ಲಿ ಫಿಶರ್ ನಿರ್ದೋಷಿ ಅಂತ ತೀರ್ಮಾನ ಆಯ್ತು. ತಪಾಸಣೆ ಅನ್ನೋದು ಕಳ್ಳನನ್ನ ಹಿಡಿಯೋದಷ್ಟೇ ಅಲ್ಲ, ಸತ್ಯವಂತನನ್ನ ಉಳಿಸುತ್ತೆ ಕೂಡ.

ಸರಿ, ಯಾವ ಚಿಕಿತ್ಸೆ ಒಳ್ಳೇದು ಅಂತ ವಿಜ್ಞಾನ ಹೇಳ್ತು. ಪುಸ್ತಕದಲ್ಲಿ ಬಂತು. ಅಲ್ಲಿಗೆ ಕಥೆ ಮುಗೀತಾ? ಇಲ್ಲ. ಸೇತುವೆಯ ಡಿಸೈನ್ ಸರಿಯಾಗಿದೆ ಅಂದ ಮಾತ್ರಕ್ಕೆ ಸಿಮೆಂಟು ಸರಿಯಾಗಿ ಹಾಕಿದ್ದಾರೆ ಅಂತ ಅರ್ಥ ಅಲ್ಲ. ಪ್ರಯೋಗ ಡಿಸೈನ್ ಪರೀಕ್ಷಿಸುತ್ತೆ. ಆಡಿಟ್ ಸಿಮೆಂಟು ಪರೀಕ್ಷಿಸುತ್ತೆ. ಈ ವ್ಯತ್ಯಾಸವನ್ನ ಬೇಗ ಅರ್ಥ ಮಾಡಿಕೊಂಡಿದ್ದು ಡೆನ್ಮಾರ್ಕ್. 1977ರಲ್ಲೇ ಆ ಪುಟ್ಟ ದೇಶ, ಇಡೀ ರಾಷ್ಟ್ರಕ್ಕೆ ಒಂದೇ ಸ್ತನ ಕ್ಯಾನ್ಸರ್ ಚಿಕಿತ್ಸಾ ಮಾರ್ಗಸೂಚಿ, ಒಂದೇ ನೋಂದಣಿ ಅಂತ ಶುರು ಮಾಡಿತು. ಹಾಗೆ ಮಾಡದೇ ಇದ್ದ ಕಡೆ ಏನಾಯ್ತು ಅನ್ನೋಕೆ ಎರಡು ಉದಾಹರಣೆ ಕೊಡ್ತೀನಿ.

ಮೊದಲನೆಯದು ಕೆನಡಾದ ನ್ಯೂಫೌಂಡ್‌ಲ್ಯಾಂಡ್. ಅಟ್ಲಾಂಟಿಕ್ ಸಾಗರದ ಅಂಚಿನ ಪ್ರಾಂತ್ಯ, ಜನಸಂಖ್ಯೆ ಸುಮಾರು 5 ಲಕ್ಷ. ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಕಮ್ಮಿ. ಸ್ತನ ಕ್ಯಾನ್ಸರ್ ಗಂಟನ್ನ ತೆಗೆದ ಮೇಲೆ ಲ್ಯಾಬ್‌ನಲ್ಲಿ ಒಂದು ಟೆಸ್ಟ್ ಮಾಡ್ತಾರೆ. ಗಂಟಿನ ತೆಳು ಪದರ ಕತ್ತರಿಸಿ, ಬಣ್ಣ ಹಾಕಿ, ಈ ಕ್ಯಾನ್ಸರ್ ಹೆಣ್ಣಿನ ದೇಹದ ಈಸ್ಟ್ರೊಜನ್ ಹಾರ್ಮೋನಿನ ಬಲದಿಂದ ಬೆಳೀತಿದೆಯಾ ಅಂತ ನೋಡ್ತಾರೆ. 'ಪಾಸಿಟಿವ್' ಬಂದ್ರೆ ಒಳ್ಳೆ ಸುದ್ದಿ, ಯಾಕಂದ್ರೆ ಟ್ಯಾಮಾಕ್ಸಿಫೆನ್ ಥರದ ಮಾತ್ರೆ ಕೆಲಸ ಮಾಡುತ್ತೆ. 5 ವರ್ಷ ದಿನಕ್ಕೊಂದು ಮಾತ್ರೆ ತಗೊಂಡ್ರೆ ಈ ಕ್ಯಾನ್ಸರ್‌ನಿಂದ ಸಾಯೋ ಪ್ರಮಾಣ ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗುತ್ತೆ. 'ನೆಗೆಟಿವ್' ಬಂದ್ರೆ ಆ ಮಾತ್ರೆ ಕೊಡಲ್ಲ.

2005ರಲ್ಲಿ ಅಲ್ಲಿನ ಒಬ್ಬ ರೋಗಿಯ ಹಳೇ ಟೆಸ್ಟ್ ಮತ್ತೆ ಮಾಡಿದ್ರು. ನೆಗೆಟಿವ್ ಇದ್ದಿದ್ದು ಪಾಸಿಟಿವ್ ಬಂತು. ಇನ್ನಷ್ಟು ಜನರದ್ದು ಮಾಡಿದ್ರೆ, ಅದೇ ಕಥೆ. ಕೊನೆಗೆ 1997ರಿಂದ 2005ರವರೆಗಿನ ಸಾವಿರದಷ್ಟು ಸ್ಯಾಂಪಲ್‌ಗಳನ್ನ ಟೊರೊಂಟೊದ ಮೌಂಟ್ ಸಿನಾಯ್ ಆಸ್ಪತ್ರೆಗೆ ಕಳಿಸಿದ್ರು. 380ಕ್ಕೂ ಹೆಚ್ಚು ಹೆಣ್ಣುಮಕ್ಕಳ ರಿಸಲ್ಟ್ ತಪ್ಪಾಗಿತ್ತು. ಅವರಿಗೆ ಸಿಗಬೇಕಾಗಿದ್ದ ಮಾತ್ರೆ ಸಿಗಲೇ ಇಲ್ಲ. ತನಿಖೆ ಶುರುವಾಗೋ ಹೊತ್ತಿಗೆ ಅವರಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡಿದ್ದರು. ಅವರಲ್ಲಿ ಎಷ್ಟು ಜನ ಮಾತ್ರೆ ಸಿಕ್ಕಿದ್ರೆ ಉಳೀತಿದ್ದರು? ಆ ಪ್ರಶ್ನೆಗೆ ಉತ್ತರ ಇಲ್ಲ. ಆ ಮನೆಗಳ ಮಕ್ಕಳು ಇವತ್ತಿಗೂ ಅದೇ ಪ್ರಶ್ನೆ ಇಟ್ಟುಕೊಂಡು ಬದುಕ್ತಿದ್ದಾರೆ.

ಇದರಲ್ಲಿ ಖಳನಾಯಕ ಯಾರು? ಯಾರೂ ಲಂಚ ತಿಂದಿರಲಿಲ್ಲ. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರನ್ ಆಯೋಗ 2009ರಲ್ಲಿ ವರದಿ ಕೊಟ್ಟಾಗ ಕಂಡಿದ್ದು ಗುಣಮಟ್ಟ ಪರೀಕ್ಷೆಯ ವ್ಯವಸ್ಥೆಯೇ ಇಲ್ಲದ ಒಂದು ಲ್ಯಾಬ್. ಸಾಮಾನ್ಯವಾಗಿ ಸ್ತನ ಕ್ಯಾನ್ಸರ್‌ಗಳಲ್ಲಿ ಈ ಟೆಸ್ಟ್ ನೂರಕ್ಕೆ 70ರ ಆಸುಪಾಸು ಪಾಸಿಟಿವ್ ಬರಬೇಕು. ಪ್ರತಿ ತಿಂಗಳು 'ನಮ್ಮಲ್ಲಿ ಎಷ್ಟು ಬಂತು?' ಅಂತ ಗೋಡೆ ಮೇಲೆ ಒಂದು ಗ್ರಾಫ್ ಬರೆದಿದ್ರೂ ಸಾಕಿತ್ತು, ಗೆರೆ ಕೆಳಗೆ ಜಾರಿದ ತಕ್ಷಣ ಯಾರಾದ್ರೂ ಕೇಳ್ತಿದ್ದರು. ಡಿಪ್ಲೊಮಾ ಓದಿದ ಹುಡುಗನೂ ಫ್ಯಾಕ್ಟರಿಯಲ್ಲಿ ಮಾಡೋ ಕೆಲಸ ಇದು.

ಎರಡನೆಯದು ಇಂಗ್ಲೆಂಡ್. ಇಲ್ಲಿ ಖಳನಾಯಕ ಇದ್ದಾನೆ. ಬರ್ಮಿಂಗ್‌ಹ್ಯಾಮ್ ಪಕ್ಕದ ಸೋಲಿಹಲ್ ಆಸ್ಪತ್ರೆಯಲ್ಲಿ 1998ರಲ್ಲಿ ಕೆಲಸಕ್ಕೆ ಸೇರಿದ ಸ್ತನ ಸರ್ಜನ್ ಇಯಾನ್ ಪ್ಯಾಟರ್ಸನ್. ನಗುಮುಖ, ಚೆಂದದ ಮಾತು, ರೋಗಿಗಳಿಗೆ ಅಪಾರ ನಂಬಿಕೆ. ಸರ್ಕಾರಿ ಆಸ್ಪತ್ರೆಯಲ್ಲೂ ಆಪರೇಷನ್, ಖಾಸಗಿಯಲ್ಲೂ ಆಪರೇಷನ್. ಕ್ಯಾನ್ಸರ್ ಇದ್ದವರಿಗೆ, ನೋಡೋಕೆ ಚೆನ್ನಾಗಿ ಕಾಣಲಿ ಅಂತ ತೆಗೆಯಬೇಕಾದ ಸ್ತನದ ಒಂದಷ್ಟು ಭಾಗ ಒಳಗೇ ಬಿಡ್ತಿದ್ದ. ಯಾವ ಮಾರ್ಗಸೂಚಿಯಲ್ಲೂ ಇಲ್ಲದ ಆಪರೇಷನ್. ಬಿಟ್ಟ ಭಾಗದಲ್ಲಿ ಕ್ಯಾನ್ಸರ್ ಮತ್ತೆ ಬರೋ ಅಪಾಯ. ಇನ್ನು ಕ್ಯಾನ್ಸರ್ ಇಲ್ಲದವರಿಗೆ? ಅಪಾಯ ಇದೆ ಅಂತ ಹೆದರಿಸಿ, ಬೇಡದ ಆಪರೇಷನ್!

2003ರಿಂದಲೇ ಜೊತೆಗಿನ ವೈದ್ಯರು ಅನುಮಾನ ಹೇಳ್ತಾ ಬಂದಿದ್ರು. 2007ರಲ್ಲಿ ಆ ಥರದ ಆಪರೇಷನ್ ನಿಲ್ಲಿಸು ಅಂತ ಹೇಳಿದ್ರು. ಅಮಾನತು ಆಗಿದ್ದು 2011ರಲ್ಲಿ. 2017ರಲ್ಲಿ ನಾಟಿಂಗ್‌ಹ್ಯಾಮ್ ನ್ಯಾಯಾಲಯ 15 ವರ್ಷ ಜೈಲು ಅಂದಿತು, ಮೇಲಿನ ಕೋರ್ಟು ಅದನ್ನ 20 ವರ್ಷಕ್ಕೆ ಏರಿಸಿತು. ಖಾಸಗಿ ಆಸ್ಪತ್ರೆಯಲ್ಲಿ ನೋವುಂಡ ಸುಮಾರು 750 ರೋಗಿಗಳಿಗೆ 3 ಕೋಟಿ 70 ಲಕ್ಷ ಪೌಂಡ್‌ಗೂ ಹೆಚ್ಚಿನ ಪರಿಹಾರ ನಿಧಿ ಮಾಡಬೇಕಾಯ್ತು. ಬಿಷಪ್ ಗ್ರಹಾಂ ಜೇಮ್ಸ್ ನೇತೃತ್ವದ ತನಿಖಾ ವರದಿ 2020ರ ಫೆಬ್ರವರಿಯಲ್ಲಿ ಬಂತು. ಒಬ್ಬ ವೈದ್ಯ ಎಲ್ಲೆಲ್ಲಿ, ಯಾವ್ಯಾವ ಆಪರೇಷನ್, ಎಷ್ಟು ಮಾಡ್ತಾನೆ ಅನ್ನೋ ಮಾಹಿತಿ ಇಡೀ ದೇಶಕ್ಕೆ ಒಂದೇ ಕಡೆ ಸಿಗಬೇಕು ಅನ್ನೋದು ಅದರ ಮುಖ್ಯ ಶಿಫಾರಸುಗಳಲ್ಲಿ ಒಂದು. ಒಬ್ಬ ಸರ್ಜನ್‌ನ ಲೆಕ್ಕ ಉಳಿದವರ ಲೆಕ್ಕದ ಪಕ್ಕ ಕೂತಿದ್ದಿದ್ರೆ, ಅವನ ಗೆರೆ ಮಾತ್ರ ವಕ್ರವಾಗಿದೆ ಅಂತ ಕಾಣೋಕೆ 13 ವರ್ಷ ಬೇಕಿರಲಿಲ್ಲ.

ಹಾಗಂತ ಇಂಗ್ಲೆಂಡ್ ಕೈ ಕಟ್ಟಿ ಕೂತಿತ್ತು ಅಂತಲ್ಲ. 2008ರ ಜನವರಿಯಿಂದ 2009ರ ಮಾರ್ಚ್‌ವರೆಗೆ ಅಲ್ಲಿ ಒಂದು ರಾಷ್ಟ್ರೀಯ ಆಡಿಟ್ ನಡೀತು. ಸ್ತನ ತೆಗೆಸಿಕೊಂಡ ಅಥವಾ ಮರುರಚನೆಯ ಆಪರೇಷನ್ ಮಾಡಿಸಿಕೊಂಡ 18,216 ಮಹಿಳೆಯರ ದಾಖಲೆ. ಅಷ್ಟೇ ಅಲ್ಲ, ಆಪರೇಷನ್ ಆಗಿ 3 ತಿಂಗಳಿಗೆ ಒಂದು ಸಲ, 18 ತಿಂಗಳಿಗೆ ಒಂದು ಸಲ ಅವರನ್ನೇ ಕೇಳಿದ್ರು. ನೋವು ಹೇಗಿದೆ? ನಿಮಗೆ ಎಲ್ಲ ಆಯ್ಕೆಗಳನ್ನೂ ವಿವರಿಸಿದ್ರಾ? ಕನ್ನಡಿ ಮುಂದೆ ನಿಂತಾಗ ಹೇಗನ್ನಿಸುತ್ತೆ? ಹಾಲ್‌ಸ್ಟೆಡ್ ಕಾಲದಲ್ಲಿ ಯಾರೂ ಕೇಳದ ಪ್ರಶ್ನೆಗಳು ಇವು. ಸ್ತನ ತೆಗೆಸಿಕೊಂಡವರಲ್ಲಿ ಅದೇ ಆಪರೇಷನ್‌ನಲ್ಲಿ ಮರುರಚನೆಯೂ ಆಗಿದ್ದು ಶೇಕಡಾ 21 ಜನರಿಗೆ. ಆದರೆ ಊರಿಂದೂರಿಗೆ ಭಾರೀ ವ್ಯತ್ಯಾಸ. ಅಂದ್ರೆ ನಿಮ್ಮ ದೇಹಕ್ಕೆ ಏನಾಗುತ್ತೆ ಅನ್ನೋದು ನಿಮ್ಮ ಕಾಯಿಲೆ ಮೇಲಷ್ಟೇ ಅಲ್ಲ, ನಿಮ್ಮ ಪಿನ್ ಕೋಡ್ ಮೇಲೂ ನಿಂತಿತ್ತು.

2012ರಲ್ಲಿ ಇನ್ನೊಂದು ಲೆಕ್ಕ ಬಂತು. ಸ್ತನ ಉಳಿಸೋ ಆಪರೇಷನ್ ಆದ 55,297 ಮಹಿಳೆಯರಲ್ಲಿ ಐವರಲ್ಲಿ ಒಬ್ಬರಿಗೆ ಮತ್ತೆ ಆಪರೇಷನ್ ಮಾಡಬೇಕಾಗಿತ್ತು. ಆಮೇಲೆ 70 ದಾಟಿದ ಅಜ್ಜಿಯರ ಬಗ್ಗೆಯೇ ಪ್ರತ್ಯೇಕ ರಾಷ್ಟ್ರೀಯ ಆಡಿಟ್. 'ವಯಸ್ಸಾಯ್ತು, ಆಪರೇಷನ್ ಯಾಕೆ ಬಿಡಿ' ಅಂತ ಎಷ್ಟು ಜನರನ್ನ ಸುಮ್ಮನೆ ಬಿಟ್ಟಿದ್ದೇವೆ ಅಂತ ನೋಡಿದ್ರು. ವಯಸ್ಸು ಹೆಚ್ಚಿದಂತೆ ಆಪರೇಷನ್ ಸಿಗೋ ಪ್ರಮಾಣ ಕಮ್ಮಿ ಅನ್ನೋದು ಅಂಕಿಯಲ್ಲಿ ಕಂಡಿತು. ಜರ್ಮನಿ 2003ರಿಂದ ಸ್ತನ ಕ್ಯಾನ್ಸರ್ ಕೇಂದ್ರಗಳಿಗೆ ಪ್ರಮಾಣಪತ್ರ ಕೊಡೋ ವ್ಯವಸ್ಥೆ ತಂದಿದೆ, ನೆದರ್ಲೆಂಡ್ಸ್ 2011ರಿಂದ ರಾಷ್ಟ್ರೀಯ ಆಡಿಟ್ ನಡೆಸ್ತಿದೆ.

ವೈದ್ಯರ ಕಡೆಯ ಮಾತನ್ನೂ ಕೇಳಬೇಕು. ಅವರು ಹೇಳೋದು: 'ನನ್ನ ಹತ್ತಿರ ಬರೋರೇ ಕೊನೇ ಹಂತದವರು. ಬೇರೆಯವರು ಕೈ ಬಿಟ್ಟವರು. ನನ್ನಲ್ಲಿ ಸಾವು ಜಾಸ್ತಿ ಇರುತ್ತೆ. ಅದನ್ನ ಪೇಪರಿಗೆ ಹಾಕಿದ್ರೆ ನಾಳೆಯಿಂದ ನಾನೂ ಕಷ್ಟದ ಕೇಸು ಮುಟ್ಟಲ್ಲ.' ನ್ಯಾಯವಾದ ಮಾತು. ನೂರು ಹಳ್ಳಿಗಳಿಗೆ ಇರೋ ಒಂದೇ ಆಸ್ಪತ್ರೆಯನ್ನೂ ನಗರದ ಪಂಚತಾರಾ ಆಸ್ಪತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಅನ್ಯಾಯವೇ. ಅದಕ್ಕೇ ಒಳ್ಳೇ ಆಡಿಟ್‌ನಲ್ಲಿ ರೋಗಿಯ ವಯಸ್ಸು, ರೋಗದ ಹಂತ, ಬಿಪಿ-ಶುಗರ್ ಥರದ ಬೇರೆ ಕಾಯಿಲೆ ಎಲ್ಲವನ್ನೂ ಹೊಂದಿಸಿ ಹೋಲಿಸ್ತಾರೆ. ಸಾವಿನ ಸಂಖ್ಯೆಯೊಂದನ್ನೇ ನೋಡಲ್ಲ. ಬಯಾಪ್ಸಿ ಮಾಡಿ ಖಚಿತ ಮಾಡಿಕೊಂಡೇ ಆಪರೇಷನ್ ಮಾಡಿದ್ರಾ? ಹಾರ್ಮೋನ್ ಟೆಸ್ಟ್ ಆಯ್ತಾ? ಗಂಟು ಪತ್ತೆಯಾದ ಎಷ್ಟು ದಿನಕ್ಕೆ ಚಿಕಿತ್ಸೆ ಶುರುವಾಯ್ತು? ಸ್ತನ ಉಳಿಸಿದವರಿಗೆ ರೇಡಿಯೇಷನ್ ಪೂರ್ತಿ ಆಯ್ತಾ? ಇವಕ್ಕೆಲ್ಲ ಹೌದು ಅಥವಾ ಇಲ್ಲ ಅನ್ನೋ ಉತ್ತರ ಇದೆ. ಇವುಗಳಿಂದ ಒಳ್ಳೇ ವೈದ್ಯನಿಗೆ ಭಯ ಇಲ್ಲ.

ಈಗ ನಮ್ಮ ದೇಶಕ್ಕೆ ಬನ್ನಿ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಒಂದೇ ವರ್ಷ ಸುಮಾರು 1 ಲಕ್ಷದ 92 ಸಾವಿರ ಹೊಸ ಸ್ತನ ಕ್ಯಾನ್ಸರ್ ಪ್ರಕರಣ, ಸುಮಾರು 98 ಸಾವಿರ ಸಾವು. ಲೆಕ್ಕ ಇಡೋ ಕೆಲಸದಲ್ಲಿ ನಾವು ಸೊನ್ನೆ ಅಲ್ಲ. ಹೆಮ್ಮೆಯ ವಿಷಯ ಏನಂದ್ರೆ ಆ ಕೆಲಸದ ರಾಜಧಾನಿ ನಮ್ಮ ಬೆಂಗಳೂರು. ಐಸಿಎಂಆರ್‌ನ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 1982ರಲ್ಲಿ ದತ್ತಾಂಶ ಸಂಗ್ರಹ ಶುರು ಮಾಡಿದಾಗ ಬೆಂಗಳೂರು, ಮುಂಬೈ, ಚೆನ್ನೈ ಮೊದಲ ಊರುಗಳು. ಬೆಂಗಳೂರಿನ ನೋಂದಣಿ ನಡೆಸಿಕೊಂಡು ಬಂದಿದ್ದು ಕಿದ್ವಾಯಿ ಸಂಸ್ಥೆ. ಇವತ್ತು ಇಡೀ ದೇಶದ ಕ್ಯಾನ್ಸರ್ ಅಂಕಿಅಂಶ ಬಂದು ಸೇರೋದು ಬೆಂಗಳೂರಿನಲ್ಲೇ ಇರೋ ಐಸಿಎಂಆರ್‌ನ ಎನ್‌ಸಿಡಿಐಆರ್ ಅನ್ನೋ ಕೇಂದ್ರಕ್ಕೆ. 2012ರಿಂದ ಟಾಟಾ ಮೆಮೋರಿಯಲ್ ಮುಂದಾಳತ್ವದ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್, ದೇಶಕ್ಕೆಲ್ಲ ಒಂದೇ ಥರದ ಚಿಕಿತ್ಸೆಯ ಮಾರ್ಗಸೂಚಿ ತರೋ ಕೆಲಸ ಮಾಡ್ತಿದೆ.

ನಮ್ಮ 11 ನೋಂದಣಿ ಪ್ರದೇಶಗಳಲ್ಲಿ 2012ರಿಂದ 2015ರ ನಡುವೆ ಸ್ತನ ಕ್ಯಾನ್ಸರ್ ಪತ್ತೆಯಾದ 17 ಸಾವಿರಕ್ಕೂ ಹೆಚ್ಚು ಮಹಿಳೆಯರನ್ನ ಹಿಂಬಾಲಿಸಿ ನೋಡಿದಾಗ, 5 ವರ್ಷ ಬದುಕುಳಿಯೋ ಪ್ರಮಾಣ ಶೇಕಡಾ 66.4 ಅಂತ ಬಂತು. ಮಿಜೋರಾಂನಲ್ಲಿ ಶೇಕಡಾ 74.9. ಅರುಣಾಚಲದ ಪಾಸಿಘಾಟ್‌ನಲ್ಲಿ 41.9. ಒಂದೇ ದೇಶ, ಒಂದೇ ಕಾಯಿಲೆ, ಅದೂ ಈಶಾನ್ಯದ ಎರಡು ಪ್ರದೇಶಗಳು. ಯಾಕೆ ಇಷ್ಟು ಅಂತರ? ತಡವಾಗಿ ಬಂದ್ರಾ? ಆಸ್ಪತ್ರೆ ದೂರವಾ? ಅರ್ಧಕ್ಕೆ ದುಡ್ಡು ಮುಗೀತಾ? ಚಿಕಿತ್ಸೆಯಲ್ಲೇ ಲೋಪ ಆಯ್ತಾ? ಎಷ್ಟು ಜನ ಬದುಕಿದ್ರು ಅನ್ನೋದನ್ನ ನೋಂದಣಿ ಹೇಳುತ್ತೆ. ಯಾಕೆ ಅನ್ನೋದನ್ನ ಹೇಳೋಕೆ ಪ್ರತಿ ಆಸ್ಪತ್ರೆಯ ಚಿಕಿತ್ಸೆಯ ಲೆಕ್ಕ ಬೇಕು. ಸರ್ಕಾರಿ ಆಸ್ಪತ್ರೆ, ಟ್ರಸ್ಟ್ ಆಸ್ಪತ್ರೆ, ಕಾರ್ಪೊರೇಟ್ ಆಸ್ಪತ್ರೆ, ಜಿಲ್ಲಾ ಕೇಂದ್ರದ 20 ಹಾಸಿಗೆಯ ನರ್ಸಿಂಗ್ ಹೋಮ್, ಎಲ್ಲವೂ ಸೇರಬೇಕು. ಆಯುಷ್ಮಾನ್ ಯೋಜನೆಯಲ್ಲಿ ಸರ್ಕಾರ ಕ್ಯಾನ್ಸರ್ ಚಿಕಿತ್ಸೆಗೆ ದುಡ್ಡು ಕೊಡುತ್ತೆ. ದುಡ್ಡು ಕೊಟ್ಟವರಿಗೆ ಆ ಹೆಣ್ಣುಮಗಳು ಒಂದು ವರ್ಷದ ನಂತರ ಹೇಗಿದ್ದಾಳೆ ಅಂತ ಕೇಳೋ ಹಕ್ಕಿದೆ. ಹಕ್ಕು ಮಾತ್ರ ಅಲ್ಲ, ಕರ್ತವ್ಯವೂ ಇದೆ.

ನಮ್ಮಲ್ಲಿ ವೈದ್ಯರನ್ನ ನಾರಾಯಣ ಅಂತೀವಿ. ಆ ಗೌರವ ಇರಲಿ, ಹೋಗಬಾರದು. ಆದರೆ ಆಪರೇಷನ್ ಟೇಬಲ್ ಮೇಲೆ ಮಲಗಿರೋ ಅಮ್ಮನಿಗೆ, ಅಕ್ಕನಿಗೆ ಬೇಕಾಗಿರೋದು ನಾರಾಯಣನ ಜೊತೆಗೆ ಒಬ್ಬ ಚಿತ್ರಗುಪ್ತ ಕೂಡ. ಪುಸ್ತಕ ತೆರೆದು, ಏನು ಮಾಡಿದ್ರಿ, ಏನಾಯ್ತು ಅಂತ ಬರೆದಿಡೋನು.

ಆ ಪುಸ್ತಕ ಸರ್ಕಾರ ತೆರೆಯೋವರೆಗೂ ನೀವು ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಈ ಕಾಯಿಲೆ ಬಂದಿದ್ರೆ ಬಯಾಪ್ಸಿ ರಿಪೋರ್ಟು, ಹಾರ್ಮೋನ್ ಟೆಸ್ಟ್ ರಿಪೋರ್ಟು, ಆಪರೇಷನ್ ವಿವರ, ಕೀಮೋ ಚೀಟಿ, ರೇಡಿಯೇಷನ್ ಲೆಕ್ಕ, ಎಲ್ಲದರ ಒಂದೊಂದು ಪ್ರತಿಯನ್ನ ಒಂದು ಫೈಲ್‌ನಲ್ಲಿ ಹಾಕಿ ಇಟ್ಟುಕೊಳ್ಳಿ. ಡಾಕ್ಟರ್ ಹತ್ತಿರ ಹೋದಾಗ, 'ಸರ್, ಈ ಟೆಸ್ಟ್ ಆಗಿದೆಯಾ? ಈ ಆಪರೇಷನ್ ಯಾಕೆ, ಬೇರೆ ದಾರಿ ಇದೆಯಾ?' ಅಂತ ಕೇಳಿ. ಮರ್ಯಾದೆಯಿಂದ ಕೇಳಿ, ಆದರೆ ಕೇಳಿ. ಒಳ್ಳೇ ಡಾಕ್ಟರ್ ಕೂರಿಸಿಕೊಂಡು ಉತ್ತರ ಹೇಳ್ತಾರೆ. ರೇಗಿದ್ರೆ, ಫೈಲ್ ನಿಮ್ಮ ಕೈಯಲ್ಲೇ ಇದೆಯಲ್ಲ, ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ.